ಗುಜರಿಯಲ್ಲಿ ಸಿಕ್ಕ ನಮ್ಮ ಮೂಲ

ನಮ್ಮ ಅಪ್ಪಯ್ಯನಿಗೆ ತಮ್ಮ ಮೂಲ ಯಾವುದೆಂಬ ಚಿಂತೆ ಬಹಳ ವರ್ಷ ಇರಲಿಲ್ಲ. ವಡೋದರಾ ಸ್ಟೇಷನ್ನಿನ ಎದುರು ಹೋಟೆಲು, ಅದರ ಮಾಳಿಗೆಯಲ್ಲಿ ಮನೆ, ಮನೆಯಲ್ಲಿ ಅಜ್ಜಿ, ಅಮ್ಮ, ನಾನು. ನಿಮ್ಮದು ಯಾವ ಊರು ಎಂದು ಕೇಳುವ ಗಿರಾಕಿಗಳು ನಾವು ಬಾಯಿ ತೆರೆಯುವ ಮೊದಲೇ "ಮದ್ರಾಸಿ" ಎಂದು ತಾವೇ ಉತ್ತರ ಹೇಳಿಕೊಂಡು, ಸಾಂಬಾರಿಗೆ ಇನ್ನೊಂದಿಷ್ಟು ಬೆಲ್ಲ ಹಾಕಬಾರದೇ ಎಂಬ ಸಲಹೆಯನ್ನೂ ಕೊಟ್ಟು ಹೋಗುತ್ತಿದ್ದರು. ಕುಂದಾಪುರದ ಕಡೆಯವರು ನಾವು ಎಂದು ಅವರಿಗೆ ತಿಳಿಸಿ ಹೇಳುವ ಉತ್ಸಾಹ ಅಪ್ಪಯ್ಯನಿಗೆ ಉಳಿದಿರಲಿಲ್ಲ. ಬೆಲ್ಲ ಹಾಕಿದರು, ಸುಖವಾಗಿದ್ದರು.

ಆ ಸುಖ ಕೆಡಿಸಿದ್ದು ಒಬ್ಬ ಜೋಯಿಸರು. ಪಕ್ಕದ ಕೊಯಾಲಿಯಲ್ಲಿ ಪೆಟ್ರೋಲಿನ ಕಾರ್ಖಾನೆ ಏಳುತ್ತಿದ್ದ ಕಾಲ ಅದು, ಅರವತ್ತರ ದಶಕ ಅರ್ಧ ಕಳೆದಿತ್ತು. ಜೋಯಿಸರು ವರ್ಷಕ್ಕೊಮ್ಮೆ ಊರಿನಿಂದ ಹೊರಟು ಬೊಂಬಾಯಿ, ಸೂರತ್, ವಡೋದರಾ, ಅಹಮದಾಬಾದ್ ಎಂದು ನಮ್ಮವರ ಹೋಟೆಲು ಇರುವಲ್ಲೆಲ್ಲ ಇಳಿದು, ಊಟ ಮಾಡಿ, ಕವಡೆ ಹಾಕಿ, ಆಯಾ ಮನೆಯ ಕಷ್ಟಕ್ಕೆ ಕಾರಣ ಹೇಳಿ, ಮುಂದಿನ ರೈಲು ಹತ್ತುತ್ತಿದ್ದರು. ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರರಿಗಿಂತ ಇವರಿಗೇ ಹೋಟೆಲಿನವರು ಹೆಚ್ಚು ಹೆದರುತ್ತಿದ್ದರು. ಆ ಸಲ ಎಲ್ಲ ಊರಿನಲ್ಲಿಯೂ ಒಂದೇ ಕಾಯಿಲೆ ಹರಡಿತ್ತೆಂದು ಕಾಣುತ್ತದೆ. ಸೂರತ್ತಿನಲ್ಲಿ ಹೇಳಿದ್ದನ್ನೇ ನಮ್ಮಲ್ಲಿಯೂ ಹೇಳಿದರು: "ಮೂಲದ ನಾಗ ಉಪವಾಸ ಕೂತಿದ್ದಾನೆ."

ನಮ್ಮ ಕಡೆಯಲ್ಲಿ ಪ್ರತಿ ಕುಟುಂಬಕ್ಕೂ ಎಲ್ಲೋ ಒಂದು ನಾಗಬನ ಇರುತ್ತದೆ. ನಾಲ್ಕು ಹಳೆಯ ಮರ, ಅವುಗಳಿಗೆ ಸುತ್ತಿಕೊಂಡ ಬಳ್ಳಿ, ಬುಡದಲ್ಲಿ ನಾಗನ ಕಲ್ಲು. ಕುಟುಂಬ ಎಲ್ಲಿಗೆ ಓಡಿಹೋದರೂ ಆ ಕಲ್ಲು ಅಲ್ಲಿಯೇ ಕೂತು ಕಾಯುತ್ತದೆ. ವರ್ಷಕ್ಕೊಮ್ಮೆಯಾದರೂ ಹೋಗಿ ಹಾಲು, ಸೀಯಾಳ ಎರೆಯಬೇಕು. ತನು ಎರೆಯುವುದು ಎನ್ನುತ್ತಾರೆ. ತಪ್ಪಿದರೆ ನಾಗ ಮುನಿಯುತ್ತಾನೆ. ಕೈಯೇ ಇಲ್ಲದ ನಾಗನ ಕೈ ಎಷ್ಟು ಉದ್ದವೆಂದರೆ, ಕುಂದಾಪುರದ ಯಾವುದೋ ಕಾಡಿನಲ್ಲಿ ಕೂತು ವಡೋದರಾದ ನಮ್ಮ ದೋಸೆಹಿಟ್ಟು ಹುಳಿಯದಂತೆ ಮಾಡಬಲ್ಲ. ರುಬ್ಬುವವನು ಹೇಳದೆ ಕೇಳದೆ ಊರಿಗೆ ಓಡಿದ್ದು, ಅಮ್ಮನ ಮಂಡಿನೋವು, ಮುನಿಸಿಪಾಲಿಟಿಯವರು ನಮ್ಮ ಬೋರ್ಡು ತೆಗೆಸಿದ್ದು, ಇದೆಲ್ಲ ಅವನದೇ ಕೆಲಸ. ಈ ಪಟ್ಟಿಯ ಕೊನೆಗೆ ಜೋಯಿಸರು ನನ್ನನ್ನೂ ಸೇರಿಸಿದರು.

"ಈ ಹೆಣ್ಣಿನ ಮದುವೆ, ಮೂಲದಲ್ಲಿ ತನು ಎರೆಯದೆ ಆಗುವುದಿಲ್ಲ."

ನಾನು ಆಗ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ವಿಷಯ ಭೂಗೋಳ. ಏಪ್ರಿಲಿನಲ್ಲಿ ಪರೀಕ್ಷೆ. ನನಗೆ ಬೇಕಾಗಿದ್ದುದು ಇಷ್ಟೇ: ಆ ಪರೀಕ್ಷೆಗೆ ಕೂತು, ಡಿಗ್ರಿಯನ್ನು ಕೈಯಲ್ಲಿ ಹಿಡಿದು, ಯಾವುದಾದರೂ ಶಾಲೆಯಲ್ಲಿ ಟೀಚರಾಗುವುದು. ಆದರೆ ಸೂರತ್ತಿನಲ್ಲಿ ನಮ್ಮವರದೇ ಇನ್ನೊಂದು ಹೋಟೆಲಿನ ಮನೆಯವರು ನನ್ನನ್ನು ನೋಡಿ ಒಪ್ಪಿ, ಮಾಘ ಮಾಸದಲ್ಲಿ ಮದುವೆ ಎಂದು ಮಾತು ಮುಗಿಸಿಯೂ ಆಗಿತ್ತು. ಪರೀಕ್ಷೆಯ ವಿಷಯ ಎತ್ತಿದಾಗ ಹುಡುಗನ ತಾಯಿ ಬಹಳ ಪ್ರೀತಿಯಿಂದ ನಕ್ಕಿದ್ದರು. "ನಮ್ಮಲ್ಲಿ ಇಡ್ಲಿ ಬೇಯಿಸೂಕೆ ಭೂಗೋಳ ಬೇಡ ಮಗಾ, ಹಬೆ ಸಾಕ್."

ಈಗ ಹುಡುಗನ ಅದೇ ತಾಯಿ ಜೋಯಿಸರ ಮಾತು ಕೇಳಿ ತಡೆದು ನಿಂತರು. ಮೂಲ ಗೊತ್ತಿಲ್ಲದ ಮನೆಯ ಹೆಣ್ಣು ತಂದು, ನಾಳೆ ತಮ್ಮ ದೋಸೆ ಕಾವಲಿಗೆ ಹತ್ತಿದರೆ ಯಾರು ಹೊಣೆ ಎಂದು ಕೇಳಿ ಕಳಿಸಿದರು. ಮೂಲ ಹುಡುಕಿ, ತನು ಎರೆದು, ತಿಳಿಸಿ, ಆಮೇಲೆ ಮಾಘ.

ನನಗೆ ಆ ಮುನಿದ ನಾಗನ ಮೇಲೆ ಎಷ್ಟು ಭಕ್ತಿ ಹುಟ್ಟಿತೆಂದರೆ ಹೇಳತೀರದು. ಇನ್ನು ಆರು ತಿಂಗಳು ಎಲ್ಲಿಯೂ ಸಿಗಬೇಡ ಸ್ವಾಮಿ ಎಂದು ದಿನಾ ದೀಪ ಹಚ್ಚುವಾಗ ಕೇಳಿಕೊಳ್ಳುತ್ತಿದ್ದೆ.

ಸಿಗುವ ಸಂಭವವೂ ಕಡಿಮೆಯಿತ್ತು. ನಮ್ಮ ಅಜ್ಜನ ಅಜ್ಜ ಹಲಸಿನ ಮರದ ವಿಚಾರದಲ್ಲಿ ದಾಯಾದಿಗಳ ಜೊತೆ ಜಗಳವಾಡಿ ಮೂಲಮನೆ ಬಿಟ್ಟು ಹೊರಟವರು. ಸಿಟ್ಟಿನಲ್ಲಿ ಹೊರಟ ಮನುಷ್ಯ ಊರಿನ ಹೆಸರನ್ನು ಬಾಯಲ್ಲಿ ಎತ್ತುವುದಿಲ್ಲ ಎಂದು ಆಣೆ ಹಾಕಿ, ಅದನ್ನು ಸಾಯುವವರೆಗೆ ನಡೆಸಿಕೊಂಡೂ ಬಂದರಂತೆ. ನಮ್ಮ ವಂಶದಲ್ಲಿ ಹಿಡಿದ ಕೆಲಸ ಸರಿಯಾಗಿ ಮುಗಿಸಿದ್ದು ಅವರೊಬ್ಬರೇ. ಉಳಿದದ್ದು ಅಜ್ಜಿಯ ಬಾಯಲ್ಲಿದ್ದ ವಿವರ ಮಾತ್ರ. ಅಜ್ಜಿ ಅಪ್ಪಯ್ಯನ ತಾಯಿ. ನನಗೆ ಕನ್ನಡ ಕಲಿಸಿದವಳು ಅವಳೇ, ವಡೋದರಾದ ಶಾಲೆಯಲ್ಲ.

"ಒಂದ್ ಹೊಳಿ ಇತ್ತ್. ಅದ್ ಎರಡ್ ಕವಲಾಯಿ, ನಡುಗೆ ಕುದ್ರು. ಮೂಡ ದಿಕ್ಕಿಗೆ ಗುಡ್ಡ. ಗುಡ್ಡದ ಮೇಲೆ ನಿಂತ್ರೆ ಒಂದ್ ಬದಿಗೆ ಸಮುದ್ರ ಕಾಣತ್ತ್, ಇನ್ನೊಂದ್ ಬದಿಗೆ ಘಟ್ಟ ಕಾಣತ್ತ್. ಅಷ್ಟೇ ಗೊತ್ತಿಪ್ಪುದ್ ಮಗಾ."

ಕುದ್ರು ಎಂದರೆ ಹೊಳೆಯ ನಡುವಿನ ನಡುಗಡ್ಡೆ. ಕಾರವಾರದಿಂದ ಕಾಸರಗೋಡಿನವರೆಗೆ ಈ ವಿವರಕ್ಕೆ ಹೊಂದದ ಊರು ಒಂದಿದ್ದರೆ ಅದನ್ನು ಹುಡುಕುವುದೇ ಕಷ್ಟ. ನಾನು ನೆಮ್ಮದಿಯಿಂದ ಓದಿಕೊಳ್ಳುತ್ತಿದ್ದೆ.

ಅಪ್ಪಯ್ಯ ಆ ತಿಂಗಳು ಪಾತ್ರೆ ಕೊಳ್ಳಲು ಅಹಮದಾಬಾದಿಗೆ ಹೋದರು. ಅಲ್ಲಿ ಸಾಬರಮತಿಯ ಒಣ ಪಾತ್ರದಲ್ಲಿ ಭಾನುವಾರ ಗುಜರಿ ಬಜಾರು ಕೂಡುತ್ತದೆ. ತುಕ್ಕು ಹಿಡಿದ ಬೀಗ, ಕಾಲು ಮುರಿದ ಮಂಚ, ಯಾರದೋ ಅಜ್ಜಂದಿರ ಫೋಟೋ, ಎಲ್ಲ ಮರಳಿನ ಮೇಲೆ ಹರಡಿರುತ್ತದೆ. ಎರಡು ಕೊಪ್ಪರಿಗೆಯ ಜೊತೆ ಅಪ್ಪಯ್ಯ ಒಂದು ಹಳೆಯ ನಕ್ಷೆಯನ್ನೂ ತಂದರು. ಬಟ್ಟೆಯ ಮೇಲೆ ಅಂಟಿಸಿ ಮಡಚಿದ ಇಂಗ್ಲಿಷರ ಕಾಲದ ಸರ್ವೆ ನಕ್ಷೆ. ನಮ್ಮ ಕರಾವಳಿಯದು, ಮೈಲಿಗೆ ಒಂದು ಇಂಚಿನಂತೆ ಬರೆದದ್ದು. ಅದು ಅಲ್ಲಿಗೆ ಹೇಗೆ ಬಂತೋ, ಯಾವ ದೊರೆ ಯಾವ ಪೆಟ್ಟಿಗೆಯಲ್ಲಿ ಬಿಟ್ಟು ಹೋಗಿದ್ದನೋ. ಅಪ್ಪಯ್ಯನಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ: ನಾಗನೇ ಕಳಿಸಿದ್ದು.

ಗುಜರಿಯಲ್ಲಿ ಸಿಕ್ಕಿದ್ದು ಆ ಒಂದೇ ಹಾಳೆ. ಆದ್ದರಿಂದ ನಮ್ಮ ಮೂಲ ಆ ಹಾಳೆಯ ಒಳಗೇ ಇರಬೇಕೆಂದು ತೀರ್ಮಾನವಾಯಿತು. ಅದರ ಪಕ್ಕದ ಹಾಳೆಯಲ್ಲಿ ಇರಬಾರದೇ ಎಂದು ನಾನು ಕೇಳಿದ್ದಕ್ಕೆ, "ಪಕ್ಕದ್ದು ಸಿಕ್ಕಲಿಲ್ಲ ಅಲ್ದಾ?" ಎಂದರು.

ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಹೋಟೆಲಿನ ಕಲ್ಲುಮೇಜುಗಳನ್ನು ಜೋಡಿಸಿ ನಕ್ಷೆ ಹರಡಿದರು. ನಾಲ್ಕು ಮೂಲೆಗೆ ನಾಲ್ಕು ಚಟ್ನಿ ಬಟ್ಟಲು. ಅಡುಗೆಯವರೂ ಬಂದು ಸುತ್ತ ನಿಂತರು. ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿದರು. ನನ್ನನ್ನೂ ಕರೆದರು, ಭೂಗೋಳ ಓದಿಸಿದ್ದು ಮತ್ತೆ ಯಾವಾಗ ಉಪಯೋಗಕ್ಕೆ ಬರಬೇಕು?

ಆ ಹಾಳೆಯಲ್ಲಿ ಕುದ್ರು ಇರುವ ಹೊಳೆಗಳು ಬೇಕಾದಷ್ಟಿದ್ದವು. ಮೂಡಲಲ್ಲಿ ಗುಡ್ಡವಿರುವ ಕುದ್ರುಗಳೂ ಸಾಕಷ್ಟಿದ್ದವು. ನಾನು ಒಂದೊಂದನ್ನೇ ತೋರಿಸುತ್ತ ಇದ್ದೆ, ಇಷ್ಟು ಕಡೆ ಇದ್ದರೆ ಯಾವುದೆಂದು ಹೇಳುವುದು ಎಂದು ಎಲ್ಲರೂ ಬೇಸತ್ತು ಏಳಲಿ ಎಂಬ ಆಸೆಯಿಂದ. ಅಷ್ಟರಲ್ಲಿ ಅಪ್ಪಯ್ಯನ ಬೆರಳು ಒಂದು ಗುಡ್ಡದ ನೆತ್ತಿಯ ಮೇಲೆ ಗಕ್ಕನೆ ನಿಂತಿತು. ಅಲ್ಲೊಂದು ಪುಟ್ಟ ತ್ರಿಕೋನ. ತ್ರಿಕೋನದ ನಡುವೆ ಒಂದು ಚುಕ್ಕಿ.

"ಸಿಕ್ತ್!" ಎಂದರು.

"ಎಂತದ್ ಸಿಕ್ತ್?" ಎಂದಳು ಅಜ್ಜಿ.

"ತ್ರಿಕೋನ ಅಂದ್ರೆ ಗುಡಿ. ನಡುಗಿಪ್ಪ ಚುಕ್ಕಿ ಅಂದ್ರೆ ದೇವ್ರ್. ಬೇರೆ ಯಾವ ಗುಡ್ಡಕ್ಕೂ ಇದಿಲ್ಲ ಕಾಣ್!"

ಆ ಗುರುತು ನಮ್ಮ ಮೊದಲ ವರ್ಷದ ಪಾಠ. ಸರ್ವೆಯವರು ದೂರದ ಗುಡ್ಡಗಳ ತಲೆಯ ಮೇಲೆ ಕಲ್ಲು ನೆಟ್ಟು, ಒಂದರಿಂದ ಇನ್ನೊಂದಕ್ಕೆ ದುರ್ಬೀನು ಹಿಡಿದು ಕೋನ ಅಳೆದು ದೇಶವನ್ನೆಲ್ಲ ಕಾಗದಕ್ಕೆ ಇಳಿಸಿದರಲ್ಲ, ಆ ಅಳತೆಯ ಕಲ್ಲಿನ ಗುರುತು ಅದು. ಗುಡಿಯ ಗುರುತೇ ಬೇರೆ. ನಾನು ಹೇಳಿದೆ. ನಕ್ಷೆಯ ಕೆಳಗೆ ಗುರುತುಗಳ ಅರ್ಥ ಅಚ್ಚಾಗಿರುತ್ತದೆ, ನೋಡಿ ಎಂದೂ ಹೇಳಿದೆ. ನೋಡಿದರೆ ಆ ಭಾಗವೇ ಹರಿದು ಹೋಗಿತ್ತು. ಗುಜರಿಯವನು ಬಹುಶಃ ಅದರಲ್ಲಿ ಕಡಲೆಕಾಯಿ ಕಟ್ಟಿಕೊಟ್ಟಿದ್ದ. ಮಾಳಿಗೆಗೆ ಓಡಿ ನನ್ನ ಪಠ್ಯಪುಸ್ತಕ ತಂದು ತೋರಿಸಿದೆ.

ಅಪ್ಪಯ್ಯ ಪುಸ್ತಕವನ್ನು ಗೌರವದಿಂದ ನೋಡಿ ಮುಚ್ಚಿದರು. "ಇದ್ ಗುಜರಾತಿನ ಪುಸ್ತಕ. ಅದ್ ನಮ್ಮೂರ ನಕ್ಷೆ."

"ನಕ್ಷೆ ಬರೆದದ್ದು ಇಂಗ್ಲಿಷರು ಅಪ್ಪಯ್ಯ. ಅವರಿಗೆ ನಾಗನ ವಿಷಯ ಹೇಗೆ ಗೊತ್ತಾಗಬೇಕು?"

"ಅವ್ರಿಗೂ ಹಾವ್ ಕಚ್ಚತ್ತ್. ಹೆದ್ರಿಯೇ ಗುರ್ತ್ ಹಾಕಿದ್ರ್." ಆಮೇಲೆ ದನಿ ತಗ್ಗಿಸಿ, ಆದರೆ ಅಡುಗೆಯವರಿಗೆಲ್ಲ ಕೇಳುವಷ್ಟು ಮಾತ್ರ ತಗ್ಗಿಸಿ ಹೇಳಿದರು: "ನಂಗೆ ಗೊತ್ತಿಲ್ದಾ ಹೆಣೆ? ನಿಂಗೆ ಮದಿ ಬೇಡ. ಅದ್ಕೆ ನಾಗನನ್ನೂ ತ್ರಿಕೋನ ಮಾಡ್ತೆ."

ಇದೇ ನನ್ನ ಪಾಡಾಗಿತ್ತು. ಮದುವೆ ತಪ್ಪಿಸಲು ಸುಳ್ಳು ಹೇಳುತ್ತಿದ್ದೇನೆಂದು ಎಲ್ಲರೂ ನಂಬಿದ್ದರಿಂದ ನಾನು ಹೇಳುವ ನಿಜಕ್ಕೆ ಬೆಲೆಯೇ ಇರಲಿಲ್ಲ. ಕೊಯಾಲಿಯಿಂದ ದಿನಾ ಕಾಫಿಗೆ ಬರುತ್ತಿದ್ದ ಒಬ್ಬ ಇಂಜಿನಿಯರಿಗೆ ಅಪ್ಪಯ್ಯ ಹೆಮ್ಮೆಯಿಂದ ನಕ್ಷೆ ತೋರಿಸಿದರು. ಆತ ನೋಡಿದ ತಕ್ಷಣ, "ಯೇ ತೋ ಸರ್ವೆ ಕಾ ಪತ್ಥರ್ ಹೈ", ಇದು ಸರ್ವೆಯ ಕಲ್ಲು ಎಂದ. ಅವನು ಕಾಫಿ ಕುಡಿದು ಹೋದ ಮೇಲೆ ಅಪ್ಪಯ್ಯ ನಿಟ್ಟುಸಿರು ಬಿಟ್ಟರು. ಪಾಪ, ದಿನವಿಡೀ ಪೈಪು ನೋಡುವವನಿಗೆ ನಾಗ ಹೇಗೆ ತಿಳಿಯಬೇಕು?

ದೀಪಾವಳಿಯ ರಜೆಗೆ ನಾವು ನಾಲ್ವರೂ ಹೊರಟೆವು. ಬೊಂಬಾಯಿಗೆ ಒಂದು ರೈಲು, ಹುಬ್ಬಳ್ಳಿಗೆ ಇನ್ನೊಂದು, ಆಮೇಲೆ ಘಟ್ಟ ಇಳಿಯುವ ಬಸ್ಸು. ನಕ್ಷೆ ಅಪ್ಪಯ್ಯನ ತೊಡೆ ಬಿಟ್ಟು ಇಳಿಯಲಿಲ್ಲ. ಸಿಕ್ಕಸಿಕ್ಕ ಪ್ರಯಾಣಿಕರಿಗೆಲ್ಲ ನಮ್ಮ ಮೂಲವನ್ನು ಬೆರಳಿಟ್ಟು ತೋರಿಸಿದ್ದರಿಂದ, ಹುಬ್ಬಳ್ಳಿ ತಲುಪುವಾಗ ಆ ತ್ರಿಕೋನದ ಮೇಲೆ ಎಣ್ಣೆಯ ಕಲೆಯಾಗಿ ಅದಕ್ಕೊಂದು ಪ್ರಭಾವಳಿಯೂ ಬಂದಿತ್ತು. ನಾನು ಚೀಲದಲ್ಲಿ ಪುಸ್ತಕ ಹೊತ್ತಿದ್ದೆ. ಅಮ್ಮ ಕಂಡು ಸುಮ್ಮನಿದ್ದಳು. ಸುಮ್ಮನಿರುವುದರಲ್ಲಿ ಅವಳಿಗೆ ಒಳ್ಳೆಯ ಅಭ್ಯಾಸವಿತ್ತು.

ನಕ್ಷೆಯ ಪ್ರಕಾರ ಬಸ್ಸಿನಿಂದ ಇಳಿದಲ್ಲಿ ಹೊಳೆ ಇತ್ತು, ಕುದ್ರು ಇತ್ತು, ಮೂಡಲಲ್ಲಿ ಗುಡ್ಡವೂ ಇತ್ತು. ಇಂಗ್ಲಿಷರ ಮೇಲೆ ನನಗೆ ಆ ದಿನ ಬಂದಷ್ಟು ಸಿಟ್ಟು ಸ್ವಾತಂತ್ರ್ಯ ಹೋರಾಟಗಾರರಿಗೂ ಬಂದಿರಲಾರದು. ಇಷ್ಟು ಸರಿಯಾಗಿ ಯಾರು ಬರೆಯಲು ಹೇಳಿದ್ದು? ಬಸ್‌ಸ್ಟ್ಯಾಂಡಿನ ಚಾದಂಗಡಿಯವನನ್ನು ಅಪ್ಪಯ್ಯ ಕೇಳಿದರು: "ಹ್ವಾಯ್, ಆ ಗುಡ್ಡದ ಮೇಲೆ ಒಂದ್ ಕಲ್ಲಿತ್ತಾ?"

"ಕಲ್ಲಾ? ಇತ್ತಪ್ಪಾ, ಒಂದ್ ಕಲ್ಲ್ ಇತ್ತ್."

ಅಪ್ಪಯ್ಯ ನನ್ನ ಕಡೆ ತಿರುಗಿ ಒಂದು ನೋಟ ನೋಡಿದರು. ಕರಾವಳಿಯಲ್ಲಿ ಕಲ್ಲಿಲ್ಲದ ಗುಡ್ಡ ಎಲ್ಲಿದೆ ಎಂದು ನಾನು ಕೇಳಲಿಲ್ಲ.

ಊರಿನ ಭಟ್ಟರನ್ನು ಗೊತ್ತುಮಾಡಿದ್ದಾಯಿತು. ಅವರು ದುಂಡಗಿನ, ಊಟದ ಮಾತು ಬಂದರೆ ಕಣ್ಣು ಅರಳುವ ಮನುಷ್ಯ. ಹೊಳೆಯಲ್ಲಿ ಮಿಂದು ಬರುತ್ತೇನೆ, ನೀವು ಹತ್ತುತ್ತಿರಿ ಎಂದರು. ಅಪ್ಪಯ್ಯ ಹಾಲಿನ ಚೆಂಬು ಹಿಡಿದು ಎಲ್ಲರಿಗಿಂತ ಮುಂದೆ. ಅಮ್ಮ ಸೀಯಾಳ, ಅರಿಶಿನ, ಹೂವು ಹೊತ್ತು ಹಿಂದೆ. ಅಜ್ಜಿ ನನ್ನ ತೋಳು ಹಿಡಿದು ಅವಳ ಹಿಂದೆ. ಅಜ್ಜಿಗೆ ನೆಲದ ಗುರುತು ಸಿಕ್ಕಿದ ಹಾಗಿತ್ತು, ಬರಿಗಾಲಲ್ಲಿ ನನಗಿಂತ ಚೆನ್ನಾಗಿ ಹತ್ತಿದಳು.

ನೆತ್ತಿಯ ಮೇಲೆ ಬೋಳು ಕೆಂಪು ಮುರಕಲ್ಲು, ಒಣಹುಲ್ಲು, ಜೋರು ಗಾಳಿ. ಮರವೆಂಬುದು ಒಂದೂ ಇಲ್ಲ.

"ಬನ ಎಲ್ಲಿತ್ತ್?" ಎಂದಳು ಅಮ್ಮ. ಆ ಇಡೀ ಪ್ರಯಾಣದಲ್ಲಿ ಅವಳು ಕೇಳಿದ ಒಂದೇ ಪ್ರಶ್ನೆ.

"ಇಂಗ್ಲಿಷರ್ ಕಡ್ದಿರ್ಕ್" ಎಂದರು ಅಪ್ಪಯ್ಯ.

ಕಲ್ಲು ಮಾತ್ರ ಇತ್ತು. ನೆಲಮಟ್ಟಕ್ಕೆ ಹುಗಿದ ಚೌಕದ ಕಲ್ಲು, ಅದರ ಮೇಲೆ ಕೊರೆದ ಒಂದು ವೃತ್ತ, ನಡುವೆ ಒಂದು ಚುಕ್ಕಿ. ಅಪ್ಪಯ್ಯನ ಕಣ್ಣಲ್ಲಿ ನೀರು ಬಂತು. "ಕಾಣ್ ಅಬ್ಬೆ, ಹೆಡೆ! ಹೆಡೆಯೊಳಗೆ ಕಣ್ಣ್!" ಎಂದವರೇ ಭಟ್ಟರು ಬರಲಿ ಎಂದು ಕಾಯದೆ ಆ ಕಲ್ಲಿನ ಮೇಲೆ ಹಾಲು ಸುರಿದರು, ಸೀಯಾಳ ಸುರಿದರು, ಅರಿಶಿನ ಮೆತ್ತಿದರು, ಉದ್ದಕ್ಕೆ ಅಡ್ಡಬಿದ್ದರು. ನಗಬೇಕೆನ್ನಿಸಲಿಲ್ಲ ನನಗೆ. ವಡೋದರಾದಲ್ಲಿ ಮದ್ರಾಸಿ ಎನ್ನಿಸಿಕೊಂಡು ಬೆಲ್ಲದ ಸಾಂಬಾರು ಬಡಿಸಿದ ಮನುಷ್ಯ, ತನ್ನದು ಎನ್ನುವ ಒಂದು ಕಲ್ಲಿನ ಮುಂದೆ ಮಲಗಿದ್ದರು. ಕಲ್ಲು ಸರ್ಕಾರದ್ದಾಗಿತ್ತು, ಅಷ್ಟೇ.

ಏದುಸಿರು ಬಿಡುತ್ತ ಭಟ್ಟರು ಬಂದರು. ಅರಿಶಿನವನ್ನು ಬೆರಳಲ್ಲಿ ಒರೆಸಿ ನೋಡಿದರು. ಇನ್ನಷ್ಟು ಒರೆಸಿದರು.

"ಇದ್ ಸರ್ವೆಯವ್ರ ಕಲ್ಲ್ ಮಾರಾಯ್ರೆ. ಹೋದ ವರ್ಷ ಮೂರು ಕಾಲಿನ ದುರ್ಬೀನ್ ತಂದ್ ಇದ್ರ ಮೇಲೇ ನಿಲ್ಸಿದ್ರ್. ನಾಗ ಆಗಿದ್ರೆ ನಾವ್ ಸುಮ್ಮನಿರ್ತಿದ್ವಾ?"

ಗಾಳಿ ಬೀಸುತ್ತಿತ್ತು. ನನ್ನ ಎದೆಯಲ್ಲಿ ಒಂದು ಸಣ್ಣ ವಾದ್ಯ ಶುರುವಾಗಿತ್ತು: ಮೂಲ ಸಿಕ್ಕಲಿಲ್ಲ, ಮಾಘ ಇಲ್ಲ. ಆದರೆ ಅಪ್ಪಯ್ಯ ಹೋಟೆಲು ನಡೆಸಿದವರು. ಹಳಸಿದ್ದನ್ನೂ ಹೇಗಾದರೂ ಬಡಿಸಿಬಿಡುವ ವಿದ್ಯೆ ಅವರಿಗೆ ಗೊತ್ತು. ಎದ್ದು ಮೈಯ ಧೂಳು ಕೊಡವಿದರು.

"ಕಲ್ಲ್ ಯಾರದ್ದಾದ್ರೆಂತ ಭಟ್ರೇ? ಎರೆದದ್ದ್ ನಾಗನ ಹೆಸ್ರಲ್ಲಿ. ಅವನಿಗೆ ಮುಟ್ಟಿರತ್ತ್, ಅಲ್ದಾ?"

ಭಟ್ಟರು ನಮ್ಮ ನಾಲ್ವರ ಮುಖ ನೋಡಿದರು. ಇಷ್ಟು ದೂರದಿಂದ ಬಂದವರಿಗೆ ಇಲ್ಲವೆನ್ನುವುದು ಹೇಗೆ? "ಭಾವ ಮುಖ್ಯ" ಎಂದರು.

"ಹಾಂಗಾರೆ ಆಯ್ತ್. ಇವತ್ತೇ ಸೂರತ್ತಿಗೆ ತಂತಿ ಕೊಡ್ತೆ. ಮೂಲ ಸಿಕ್ತ್, ತನು ಎರೆದಾಯ್ತ್, ಮಾಘದಲ್ಲಿ ಮದಿ."

ನನ್ನ ವಾದ್ಯ ನಿಂತಿತು. ಮುಖ ತಿರುಗಿಸಿ ಸಮುದ್ರ ನೋಡುತ್ತ ನಿಂತೆ. ಅದೂ ಅಜ್ಜಿ ಹೇಳಿದ ಹಾಗೆಯೇ ಸರಿಯಾಗಿ ಕಾಣುತ್ತಿತ್ತು, ಹಾಳಾದ್ದು.

ಅಜ್ಜಿ ನನ್ನ ತೋಳು ಅದುಮಿದಳು. "ನಿನ್ನ ಪರೀಕ್ಷೆ ಯಾವಾಗ್ಳಿಕೆ ಹೆಣೆ?"

"ಏಪ್ರಿಲ್."

"ಅದೆಂತದ್ ಏಪ್ರಿಲ್? ನಮ್ಮ ತಿಂಗಳಲ್ಲಿ ಹೇಳ್."

"ಚೈತ್ರ ಅಜ್ಜಿ. ಮುಗಿಯುವಾಗ ವೈಶಾಖವೂ ಬರಬಹುದು."

ಅಜ್ಜಿ ಸೆರಗು ಸರಿಮಾಡಿಕೊಂಡಳು. "ಭಟ್ರೇ, ನಂದೊಂದ್ ಮಾತ್. ನಿಮ್ಗೆ ಅಂತ ಮಾಡಿದ ಪಾಯ್ಸ ತಕಂಡ್ ಹೋಯಿ ಪಕ್ಕದ ಮನಿಯವ್ರಿಗೆ ಬಡ್ಸಿ, ಭಾವ ಮುಖ್ಯ ಅಂದ್ರೆ, ನಿಮ್ಗೆ ಹೊಟ್ಟಿ ತುಂಬತ್ತಾ?"

ಪಾಯಸದ ಮಾತು ಬಂದಕೂಡಲೇ ಭಟ್ಟರು ಗಂಭೀರರಾದರು. "ಇಲ್ಲ. ಅದ್ ಹೇಗೆ ತುಂಬತ್ತ್?"

"ನಾಗನಿಗೂ ಹಂಗೇ ಅಲ್ದಾ? ಮೊದ್ಲ್ ಉಪವಾಸ ಇದ್ದ. ಈಗ ಅವ್ನ ಕಣ್ಣೆದುರಿಗೇ ಸರ್ಕಾರಕ್ಕೆ ಬಡ್ಸಾಯ್ತ್. ಇನ್ನೆಷ್ಟ್ ಸಿಟ್ಟಿರ್ಕ್! ಇಂಥ ತಪ್ಪಾದ್ರೆ ವೈಶಾಖ ಕಳಿಯೂ ವರೆಗೆ ಮನಿಯಲ್ಲಿ ಮಂಗಳಕಾರ್ಯ ಮಾಡೂಕಾಗ. ಹೌದಾ ಅಲ್ದಾ?"

ಭಟ್ಟರು ಒಂದು ಗಳಿಗೆ ಅಜ್ಜಿಯನ್ನೂ, ಆಮೇಲೆ ನನ್ನನ್ನೂ ನೋಡಿದರು. ಜಾಣರು. "ಹೌದ್. ವೈಶಾಖ ಕಳೀಕ್. ನಾನೂ ಅದನ್ನೇ ಹೇಳುವ ಅಂತಿದ್ದೆ."

"ಅಬ್ಬೆ, ಸೂರತ್ತಿನವ್ರ್ ಅಷ್ಟ್ ಸಮಯ ಕಾಯ್ತ್ರಾ?" ಅಪ್ಪಯ್ಯನ ದನಿ ಅಳುವಂತಿತ್ತು.

"ನಾಗ ಇಷ್ಟ್ ತಲೆಮಾರ್ ಕಾಯ್ಲಿಲ್ಲ್ಯಾ? ಅವ್ರ್ ಅವನಿಗಿಂತ ದೊಡ್ಡವ್ರಾ?"

ಘಟ್ಟ ಹತ್ತುವ ಬಸ್ಸಿನಲ್ಲಿ ಅಪ್ಪಯ್ಯ ಬಹಳ ಹೊತ್ತು ಯೋಚಿಸಿ ಕೇಳಿದರು, ಈ ವೈಶಾಖದ ನಿಯಮ ಯಾವ ಶಾಸ್ತ್ರದಲ್ಲಿದೆ ಎಂದು. ಅಕ್ಷರ ಬಾರದ ಅಜ್ಜಿ ಕಿಟಕಿಯಿಂದ ಮುಖ ತಿರುಗಿಸಲೂ ಇಲ್ಲ. "ನಿನ್ನ ಜೋಯಿಸ್ರ್ ಓದಿದ್ ಶಾಸ್ತ್ರದಲ್ಲೇ ಮಗಾ. ಅವ್ರ್ ಒಂದ್ ಪುಟ ಬಿಟ್ಟಿದ್ರ್."

ಸೂರತ್ತಿನವರು ನಮ್ಮ ಆಚಾರನಿಷ್ಠೆಯನ್ನು ಬಾಯ್ತುಂಬ ಹೊಗಳಿದರು. ಇಂಥ ಮನೆಯ ಹೆಣ್ಣಿಗಾಗಿ ಎಷ್ಟು ದಿನ ಬೇಕಾದರೂ ಕಾಯುತ್ತೇವೆ ಎಂದರು. ಕಾಯುತ್ತ ಕೂತಲ್ಲಿಗೆ ಮೂಲ ಖಚಿತವಾಗಿದ್ದ ಇನ್ನೊಂದು ಹುಡುಗಿ ಬೊಂಬಾಯಿಯಲ್ಲಿ ಸಿಕ್ಕಿ, ಮಾಘದಲ್ಲಿಯೇ ಮದುವೆ ಮುಗಿಸಿ, ನಮಗೆ ಲಾಡು ಕಳಿಸಿದರು. ಲಾಡು ಚೆನ್ನಾಗಿತ್ತು. ನಾನು ಎರಡು ತಿಂದು ಓದಲು ಕೂತೆ.

ಪರೀಕ್ಷೆ ಬರೆದೆ. ಪಾಸಾದೆ. ಡಿಗ್ರಿಯ ಕಾಗದ ಬಂದ ದಿನ ಅಪ್ಪಯ್ಯ ಬಂದ ಗಿರಾಕಿಗಳಿಗೆಲ್ಲ ಶಿರಾ ಹಂಚಿ, ಎಲ್ಲ ನಮ್ಮ ನಾಗನ ದಯೆ ಎಂದರು. ನಾನು ಮಾಳಿಗೆಗೆ ಹೋಗಿ ಅಜ್ಜಿಯ ಮುಂದೆ ಕಾಗದ ಹಿಡಿದೆ. ಓದು ಎಂದಳು. ಇಂಗ್ಲಿಷಿನಲ್ಲಿದ್ದುದನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಅವಳೂ ಎಲ್ಲ ತಿಳಿದವಳ ಹಾಗೆ ತಲೆಯಾಡಿಸುತ್ತ ಕೇಳಿದಳು.

"ನಿನ್ನ ಹೆಸರ್ ಎಲ್ಲಿತ್ತ್?"

ತೋರಿಸಿದೆ. ಅಕ್ಷರಗಳ ಮೇಲೆ ಬೆರಳು ಆಡಿಸಿ, ಅಚ್ಚು ಅಳಿಸಿಹೋಗುವುದಿಲ್ಲ ತಾನೇ ಎಂದು ಉಗುರಿನಿಂದ ಮೆಲ್ಲಗೆ ಕೆರೆದೂ ನೋಡಿದಳು. ಅಳಿಸಲಿಲ್ಲ.

"ಸಾಕ್" ಎಂದಳು. "ಈಗ ಒಂದ್ ಒಳ್ಳೆ ಗಂಡ್ ಹುಡ್ಕುವ."